ರೂಮ್ ಫ್ರೆಶ್ನರ್ ಮತ್ತು ಶಂಕರಪುರ ಮಲ್ಲಿಗೆ

ಕಳೆದ ವರ್ಷ ನಮ್ಮ ಟೀಮಿನ ಟೆಸ್ಟರ್ ಒಬ್ಬರು ಕೆಲಸ ಬಿಟ್ಟರು. ಬೀಳ್ಕೊಡುಗೆ ಊಟಕ್ಕೆಂದು ಎಲ್ಲರೂ ಹೋಟೆಲಿಗೆ ಹೋಗಿದ್ದೆವು. ಮಾತಿಗೆ ಮಾತು ಬಂದು ಯಾರೋ ನನ್ನ ಕಡೆ ಕೈ ತೋರಿಸಿ, "ನಮ್ಮ ಫ್ಲೋರಲ್ಲಿ ಇವರಷ್ಟು ಒಳ್ಳೇ ಮನುಷ್ಯ ಇನ್ನೊಬ್ಬರಿಲ್ಲ. ಯಾರ ಜೊತೆಗೂ ಒಂದು ಜಗಳ ಇಲ್ಲ" ಅಂದರು. ಎಲ್ಲರೂ ಹೌದು ಹೌದು ಅಂದರು. ಹೊರಟು ನಿಂತಿದ್ದ ಆ ಟೆಸ್ಟರ್ ಮಾತ್ರ ನನ್ನ ಮುಖ ನೋಡಿ ಸಣ್ಣಗೆ ನಕ್ಕರು. ಆ ನಗುವಿನ ಅರ್ಥ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ನಮ್ಮೂರು ಉಡುಪಿ ಕಡೆ, ಶಂಕರಪುರದ ಹತ್ತಿರದ ಒಂದು ಹಳ್ಳಿ. ಮಲ್ಲಿಗೆಯ ಊರು. ‘ಉಡುಪಿ ಮಲ್ಲಿಗೆ’ ಅಂತ ಜಿಐ ಟ್ಯಾಗ್ ಸಿಕ್ಕಿರುವುದು ಇದಕ್ಕೇ. ಅಲ್ಲಿ ಮಲ್ಲಿಗೆ ಬೆಳೆಯುವವರಲ್ಲಿ ನಮ್ಮಂಥ ಕ್ಯಾಥೊಲಿಕ್ ಕುಟುಂಬಗಳು ಬಹಳ. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಸಿಸ್ಟರ್ ನಮಗೆ ಹೇಳುತ್ತಿದ್ದ ಮಾತೂ ಅದಕ್ಕೆ ಸರಿಯಾಗಿಯೇ ಇತ್ತು: ಸಂತ ಪೌಲ ಹೇಳಿದ ಹಾಗೆ ನೀವೆಲ್ಲ ಕ್ರಿಸ್ತನ ಪರಿಮಳ ಆಗಬೇಕು, ಮಕ್ಕಳೇ, ನಿಮ್ಮ ಮನೆಯ ಮಲ್ಲಿಗೆಯ ಹಾಗೆ. ಅಷ್ಟು ಸಾಕಾಗಿತ್ತು ನಮಗೆ. ಜಗಳ ಮಾಡಬೇಡ, ದೊಡ್ಡವರಿಗೆ ಎದುರು ಮಾತಾಡಬೇಡ, ಎಲ್ಲರಿಗೂ ಹಿತವಾಗಿ ಇರು. ಪರಿಮಳ ಅಂದರೆ ಹಿತ, ಅಲ್ಲವಾ? ಆ ಪಾಠ ಹೊತ್ತುಕೊಂಡೇ ನಾನು ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. ಐಟಿ ಕಂಪನಿಗಳಿಗೆ ಇದಕ್ಕಿಂತ ಹೇಳಿ ಮಾಡಿಸಿದ ಉದ್ಯೋಗಿ ಬೇಕೇ?

ಈಗ ಆ ನಗುವಿನ ವಿಷಯ. ಅವರು ಹೆರಿಗೆ ರಜೆ ಮುಗಿಸಿ ಬಂದ ವರ್ಷ ಅದು. ಕಾನೂನಿನ ಪ್ರಕಾರ 26 ವಾರ. ಉಳಿದ ತಿಂಗಳುಗಳಲ್ಲಿ ಅವರು ಮಾಡಿದ ಕೆಲಸ ನನಗೆ ಚೆನ್ನಾಗಿ ಗೊತ್ತು. ಪೇಮೆಂಟ್ ಮಾಡ್ಯೂಲಿನಲ್ಲಿ ಒಂದೇ ಆರ್ಡರಿಗೆ ಎರಡು ಸಲ ದುಡ್ಡು ಕಡಿತವಾಗುವ ಒಂದು ಬಗ್ ಇತ್ತು. ರಿಲೀಸಿನ ಹಿಂದಿನ ದಿನ ಅವರು ಅದನ್ನು ಹಿಡಿದರು. ಕೋಡ್ ನನ್ನದು. ಅವರು ಅದನ್ನು ಎಲ್ಲರ ಮುಂದೆ ಎತ್ತಿ ಆಡದೆ ನನ್ನ ಡೆಸ್ಕಿಗೆ ಬಂದು, "ಇದೊಂದು ನೋಡಿ" ಅಂದರು. ರಾತ್ರಿ ಕೂತು ಸರಿ ಮಾಡಿದೆ. ರಿಲೀಸ್ ಸಲೀಸಾಗಿ ಆಯಿತು, ಆ ವರ್ಷ ನನಗೆ ಒಳ್ಳೆಯ ರೇಟಿಂಗೂ ಬಂತು.

ಅಪ್ರೈಸಲ್ ಮೀಟಿಂಗಿನಲ್ಲಿ ಬೆಲ್ ಕರ್ವ್ ಬಂತು. ಇಂತಿಷ್ಟು ಜನರನ್ನು ಕೆಳಗಿನ ಸಾಲಿಗೆ ಹಾಕಲೇಬೇಕು. "ಇವರು ಹೇಗೂ ಅರ್ಧ ವರ್ಷ ಇರಲಿಲ್ಲವಲ್ಲ" ಅಂದರು ಮ್ಯಾನೇಜರ್. ಆಮೇಲೆ, ಪದ್ಧತಿಯಂತೆ, "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಅಂತಲೂ ಕೇಳಿದರು. ವಿಡಿಯೋ ಕಾಲ್. ನಾನು ಮ್ಯೂಟಿನಲ್ಲಿದ್ದೆ. ಬೆರಳು ಮೌಸಿನ ಮೇಲೇ ಇತ್ತು. ನಾಲ್ಕೈದು ಸೆಕೆಂಡ್ ಆಗಿರಬಹುದು. ನಾನು ಮ್ಯೂಟ್ ತೆಗೆಯಲಿಲ್ಲ. ಮೀಟಿಂಗ್ ಮುಂದಕ್ಕೆ ಹೋಯಿತು. ಯಾರಿಗೂ ನೋವಾಗದಂತೆ ನಡೆದುಕೊಂಡೆ, ಅಲ್ಲಿ ಇಲ್ಲದಿದ್ದ ಒಬ್ಬರನ್ನು ಬಿಟ್ಟು.

ಬೀಳ್ಕೊಡುಗೆ ಮುಗಿದ ಮೇಲೆ ಒಂದು ದಿನ ಪೌಲನ ಆ ಪತ್ರವನ್ನು ತೆಗೆದು ಓದಿದೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರ, ಎರಡನೇ ಅಧ್ಯಾಯ. ಸಿಸ್ಟರ್ ನಮಗೆ ಹೇಳಿದ್ದು ಅರ್ಧ ಮಾತ್ರ ಅಂತ ಗೊತ್ತಾಗಿದ್ದು ಆಗಲೇ. ನಾವು ಕ್ರಿಸ್ತನ ಪರಿಮಳ ಅಂದ ಪೌಲ ಅಲ್ಲಿಗೇ ನಿಲ್ಲಿಸುವುದಿಲ್ಲ. ಅದೇ ವಾಸನೆ ಕೆಲವರಿಗೆ ಜೀವದ್ದು, ಕೆಲವರಿಗೆ ಸಾವಿನದ್ದು ಅನ್ನುತ್ತಾನೆ. ಅವನ ಕಣ್ಣಮುಂದೆ ಇದ್ದದ್ದು ರೋಮನ್ನರ ವಿಜಯ ಮೆರವಣಿಗೆ. ಗೆದ್ದ ಸೇನಾಪತಿ ರಥದಲ್ಲಿ, ಹಿಂದೆ ಸೈನಿಕರು, ಮುಂದೆ ಸರಪಳಿ ಹಾಕಿಸಿಕೊಂಡ ಸೆರೆಯಾಳುಗಳು, ದಾರಿಯುದ್ದಕ್ಕೂ ಧೂಪ. ಗಾಲ್ ನಾಡಿನ ನಾಯಕ ವರ್ಸಿಂಗೆಟೋರಿಕ್ಸನನ್ನು ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ಹೀಗೇ ಮೆರೆಸಿ ಕೊಲ್ಲಿಸಿದ. ಸೈನಿಕನ ಮೂಗಿಗೆ ಆ ಧೂಪ ಅಂದರೆ ಹಬ್ಬ, ಮನೆ, ಬಹುಮಾನ. ಸೆರೆಯಾಳಿಗೆ ಅಂದರೆ ಇನ್ನು ಸ್ವಲ್ಪ ದೂರ ಅಷ್ಟೇ. ಧೂಪ ಒಂದೇ.

ಇದನ್ನು ಬರೆದ ಪೌಲ ಎಲ್ಲರಿಗೂ ಬೇಕಾದ ಮನುಷ್ಯನಂತೂ ಅಲ್ಲ. ಆ ಅಧ್ಯಾಯದ ಶುರುವಿನಲ್ಲೇ, ಹಿಂದೊಮ್ಮೆ ಅವರಿಗೆ ಕಣ್ಣೀರಿಟ್ಟುಕೊಂಡು ಒಂದು ಕಠಿಣ ಪತ್ರ ಬರೆದದ್ದನ್ನು ನೆನೆಯುತ್ತಾನೆ. ಪರಿಮಳದ ಮಾತು ಮುಗಿಸಿದ ಕೂಡಲೇ, ನಾವು ದೇವರ ಮಾತನ್ನು ಬೀದಿಯಲ್ಲಿ ಸರಕಿನಂತೆ ಮಾರುವವರಲ್ಲ ಎನ್ನುತ್ತಾನೆ. ಅಂದರೆ ಗಿರಾಕಿಯ ಮೂಗಿಗೆ ತಕ್ಕ ಹಾಗೆ ಬೆರಕೆ ಮಾಡುವ ಪರಿಮಳ ಬೇರೆ, ಇದು ಬೇರೆ.

ನಮ್ಮ ಆಫೀಸಿನ ಬಾತ್‌ರೂಮಿನ ಗೋಡೆಯಲ್ಲಿ ಒಂದು ಡಬ್ಬಿ ಇದೆ. ಆಗಾಗ ಪುಸ್ ಅನ್ನುತ್ತದೆ, ಜಾಸ್ಮಿನ್ ಅಂತ ಅದರ ಮೇಲೆ ಬರೆದಿದೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಯಾವ ಕೊಳಕೂ ಹೋಗುವುದಿಲ್ಲ, ವಾಸನೆ ಮಾತ್ರ ಮುಚ್ಚುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಆ ಮೀಟಿಂಗ್ ನೆನಪಾಗುತ್ತದೆ. ಹೇಳಿಕೊಳ್ಳುವುದಕ್ಕೆ ನಾಚಿಕೆ, ಆದರೂ.

ನಿಜವಾದ ಮಲ್ಲಿಗೆಯ ಕತೆ ಅಷ್ಟು ಘಮಘಮ ಅಲ್ಲ. ಗಿಡದ ಬುಡಕ್ಕೆ ಸೆಗಣಿ, ಕಡ್ಲೆಹಿಂಡಿ ನೀರಿನಲ್ಲಿ ಕೊಳೆಸಿ ಹಾಕುತ್ತಾರೆ. ಆ ದಿನ ನಮ್ಮ ಅಂಗಳಕ್ಕೆ ನೆಂಟರನ್ನು ಕರೆಯುವ ಹಾಗಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅಮ್ಮ ಬುಟ್ಟಿ ಹಿಡಿದು ಗಿಡದ ನಡುವೆ ಇರುತ್ತಾರೆ. ಅರಳುವ ಮೊದಲೇ ಕೊಯ್ಯಬೇಕು. ಮಳೆ ಬಂದರೂ ಕೊಯ್ಯಬೇಕು. ಆಮೇಲೆ ನೆನೆಸಿದ ಬಾಳೆನಾರಿನಲ್ಲಿ ಕಟ್ಟುವುದು. ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ರೇಟು ಅಟ್ಟೆಯ ಲೆಕ್ಕದಲ್ಲಿ. ಮದುವೆ ಸೀಸನ್ನಿನಲ್ಲಿ ಸಾವಿರ ದಾಟುವುದೂ ಉಂಟು, ಮತ್ತೊಂದು ದಿನ ನೂರರ ಆಸುಪಾಸಿಗೆ ಬಿದ್ದು ಕೊಯ್ದ ಕೂಲಿಯೂ ಹುಟ್ಟದಿರುವುದೂ ಉಂಟು.

ನಮ್ಮ ಅಂಗಳದ ಹೂವು ಹೋಗುವುದು ಹೆಚ್ಚಾಗಿ ಮದುಮಗಳ ಜಡೆಗೆ, ದೇವಸ್ಥಾನಕ್ಕೆ, ಕೋಲಕ್ಕೆ, ನಾಗನ ಪೂಜೆಗೆ. ಸಣ್ಣವನಿದ್ದಾಗ, "ನಮ್ಮ ಹೂವು ನಮ್ಮ ಇಗರ್ಜಿಗೆ ಮಾತ್ರ ಯಾಕೆ ಹೋಗುವುದಿಲ್ಲ?" ಅಂತ ಅಮ್ಮನನ್ನು ಕೇಳಿದ್ದೆ. "ಅಂಗಳ ದಾಟಿದ ಮೇಲೆ ಅದು ನಮ್ಮದಲ್ಲ ಮಗ, ನಾರು ಇತ್ಲಾಗೆ ಕೊಡು" ಅಂದಿದ್ದರು. ಧರ್ಮದ ಪರಿಮಳ ಹರಡುವುದು ಅಂದರೆ ತಲೆ ಎಣಿಸುವುದು ಅಂತ ತಿಳಿದವರು ನಮ್ಮಲ್ಲೂ ಇದ್ದಾರೆ, ಹಾಗೆಂದು ಹೆದರುವವರು ಹೊರಗೂ ಇದ್ದಾರೆ. ಇಬ್ಬರಿಗೂ ಅಮ್ಮನ ಪಕ್ಕ ಒಂದು ಬೆಳಿಗ್ಗೆ ನಾರು ಹಿಡಿದು ಕೂರಿಸಬೇಕು ಅನಿಸುತ್ತದೆ.

ಹೂವಿನಿಂದ ನಾರೂ ಸ್ವರ್ಗ ಸೇರಿತು ಅನ್ನುವ ಗಾದೆಯನ್ನು ನಾವು ಸಾಮಾನ್ಯವಾಗಿ ವ್ಯಂಗ್ಯಕ್ಕೆ ಬಳಸುತ್ತೇವೆ. ಪೌಲನ ಲೆಕ್ಕದಲ್ಲಿ ನಾವು ಹೂವೇ ಅಲ್ಲ, ನಾರು. ಪರಿಮಳ ಕ್ರಿಸ್ತನದ್ದು. ಕ್ರಿಸ್ತ ಅನ್ನುವ ಹೆಸರಿನ ಅರ್ಥವೇ ಅಭಿಷಿಕ್ತ, ತೈಲ ಹಚ್ಚಿಸಿಕೊಂಡವನು. ಜ್ಞಾನಸ್ನಾನದಲ್ಲಿ ಮಗುವಿನ ನೆತ್ತಿಗೆ ಹಚ್ಚುವ ಕ್ರಿಸ್ಮ ತೈಲವೂ ಹಾಗೆಯೇ, ಎಣ್ಣೆಗೆ ಸುಗಂಧ ಬೆರೆಸಿ ಬಿಷಪರು ಪವಿತ್ರಗೊಳಿಸಿದ್ದು. ತಂಗಿಯ ಮಗುವಿನ ಜ್ಞಾನಸ್ನಾನದ ದಿನ ಸಂಜೆಯವರೆಗೂ ಎಲ್ಲರೂ ಸರದಿಯ ಮೇಲೆ ಅದರ ತಲೆ ಮೂಸುತ್ತಿದ್ದೆವು. ಮರುದಿನ ಸ್ನಾನ ಮಾಡಿಸಿದ್ದೇ ಹೋಯಿತು.

ಬೇಥಾನ್ಯದ ಕತೆ ನಿಮಗೆ ಗೊತ್ತಿರಬಹುದು. ಮರಿಯ ಎಂಬಾಕೆ ಅಚ್ಚ ಜಟಾಮಾಂಸಿ ತೈಲವನ್ನು ಯೇಸುವಿನ ಪಾದಕ್ಕೆ ಸುರಿಯುತ್ತಾಳೆ. ಜಟಾಮಾಂಸಿ ನಮ್ಮ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಗಿಡ. ಅಷ್ಟು ದೂರದಿಂದ ಬರಬೇಕಿದ್ದ ತೈಲಕ್ಕೆ ಬೆಲೆ ಎಷ್ಟಿದ್ದೀತು! ಯೂದ ಇಸ್ಕರಿಯೋತ ಅಲ್ಲೇ ಲೆಕ್ಕ ಹಾಕುತ್ತಾನೆ: 300 ದಿನಾರಿ. ಕೂಲಿಯವನ ದಿನಗೂಲಿ ಒಂದು ದಿನಾರಿ ಇದ್ದ ಕಾಲ, ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಅನ್ನುತ್ತಾನೆ. ನಿಜ ಹೇಳಬೇಕೆಂದರೆ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ಎಕ್ಸೆಲ್ ಶೀಟಿನಲ್ಲಿ ಯೂದನ ಲೆಕ್ಕ ತಪ್ಪಿಲ್ಲ. ಕರ್ವಿಗೆ ಒಬ್ಬರು ಬೇಕು ಅನ್ನುವ ಲೆಕ್ಕದಲ್ಲೂ ತಪ್ಪಿರಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಬರುವ ಇಂಥದ್ದೇ ಪ್ರಸಂಗದಲ್ಲಿ ಆಕೆ ಭರಣಿಯನ್ನೇ ಒಡೆಯುತ್ತಾಳೆ. ಒಡೆದ ಮೇಲೆ ಉಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ.

ಯೋಹಾನ ಬರೆಯುತ್ತಾನೆ, ಮನೆಯೆಲ್ಲ ಆ ಪರಿಮಳ ತುಂಬಿಕೊಂಡಿತು ಅಂತ. ಹಾಗಾದರೆ ಆ ರಾತ್ರಿ ಯೂದನ ಬಟ್ಟೆಗೂ ಅದು ಹಿಡಿದಿರಬೇಕು. ಹೊರಗೆ ಸಿಕ್ಕವರು ಎಂಥ ಸುವಾಸನೆ ನಿನ್ನ ಮೈಮೇಲೆ ಅಂದಿರಲೂಬಹುದು. ಇದು ನನ್ನ ಊಹೆ, ಬೈಬಲಿನಲ್ಲಿ ಇಲ್ಲ. ಆದರೆ ಹಬ್ಬದ ಪೂಜೆ ಮುಗಿಸಿ ಧೂಪದ ವಾಸನೆಯ ಶರ್ಟಿನಲ್ಲಿ ಮನೆಗೆ ಬರುವಾಗ ಈಗೀಗ ಅದೇ ನೆನಪಾಗುತ್ತದೆ. ನಮ್ಮ ವಾಸನೆ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಮೂಗು ಸ್ವಲ್ಪ ಹೊತ್ತಿನಲ್ಲೇ ಒಗ್ಗಿಕೊಂಡು ಬಿಡುತ್ತದೆ. ಇನ್ನೊಬ್ಬರನ್ನೇ ಕೇಳಬೇಕು.

ಕೇಳಿದೆ. ಅವರು ಬಿಟ್ಟು ಹೋದ ನಾಲ್ಕು ತಿಂಗಳ ಮೇಲೆ ಫೋನ್ ಮಾಡಿ, ಆ ಮೀಟಿಂಗಿನಲ್ಲಿ ನಾನು ಮಾತಾಡಬೇಕಿತ್ತು, ತಪ್ಪಾಯಿತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಬೇರೆ ಕೆಲಸ ಸಿಕ್ತು, ಚೆನ್ನಾಗಿದೀನಿ. ಈಗ ಹೇಳಿ ನಿಮಗೆ ಸಮಾಧಾನ ಆಗತ್ತೆ ಅಂದ್ರೆ ಆಗ್ಲಿ" ಅಂದರು. ಆಮೇಲೆ, "ನಿಮ್ಮ ಟೀಮಲ್ಲಿ ಇನ್ನೊಬ್ಬಳು ಹೆರಿಗೆ ರಜೆಗೆ ಹೋಗಿದ್ದಾಳಲ್ಲ, ಅಪ್ರೈಸಲ್ ಹೊತ್ತಿಗೆ ವಾಪಸ್ ಬರ್ತಾಳೆ. ಅವಳ ಫೈಲ್ ನೋಡಿ" ಅಂತ ಹೇಳಿ ಇಟ್ಟರು.

ಮ್ಯಾನೇಜರಿಗೆ ಒಂದು ಮೇಲ್ ಬರೆದೆ. ಮೂರು ಸಲ ತಿದ್ದಿದೆ. ಪ್ರತಿ ಸಲವೂ ಅದು ಇನ್ನಷ್ಟು ಮೆತ್ತಗಾಯಿತು, ಕೊನೆಗೆ ಹೋದದ್ದು ಅತ್ಯಂತ ಮೆತ್ತಗಿನದ್ದು. ‘ನೋಟೆಡ್’ ಅಂತ ಒಂದು ಪದದ ಉತ್ತರ ಬಂತು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಅವರು ನನ್ನನ್ನು ಕರೆಯಲಿಲ್ಲ. ಮರೆತರೋ ಏನೋ.

ಮೀಟಿಂಗ್ ಈ ಗುರುವಾರ ಹನ್ನೊಂದು ಗಂಟೆಗೆ. ಕ್ಯಾಲೆಂಡರಿನಲ್ಲಿ ಬಂದಿದೆ, ಒಪ್ಪಿದ್ದೇನೆ. ಆ ಹೊತ್ತಿಗೆ ಅಮ್ಮ ಕಟ್ಟಿದ ಹೂವು ಮಾರುವ ಕಟ್ಟೆ ಸೇರಿ, ಅಲ್ಲಿಂದಲೂ ಹೊರಟಿರುತ್ತದೆ.