ನಾವು ಗೆದ್ದ ವರ್ಷ

ತೇರದಾಳದ ನಮ್ಮ ಮನೆಯಲ್ಲಿ ಕ್ರಿಕೆಟ್ ಮಾತು ಬಂದರೆ ಅಜ್ಜ ಹೇಳುವುದು ಒಂದೇ ಕತೆ. "ಎಪ್ಪತ್ನಾಲ್ಕರಾಗ ಮುಂಬೈದವ್ರನ್ನ ಸೋಲಿಸಿದ್ವಿ ನೋಡ ತಮ್ಮಾ." ಅಜ್ಜ ಮಗ್ಗದ ಮುಂದೆ ಕೂತು ಬಾಳಿದವರು, ಬ್ಯಾಟು ಹಿಡಿದವರಲ್ಲ. ಆಗಿನ್ನೂ ಅವರು ಬೆಂಗಳೂರನ್ನೇ ನೋಡಿರಲಿಲ್ಲ. ರೇಡಿಯೋ ವಾರ್ತೆಯಲ್ಲಿ ಕೇಳಿದ ಗೆಲುವು ಅದು. ಆದರೂ ಸೋಲಿಸಿದವರು 'ನಾವು'.

ಗೆಲುವು ಸಣ್ಣದಲ್ಲ. 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಮುಂಬೈ ಬಿಟ್ಟು ಕದಲಿರಲಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ಹೊಸ ಹೆಸರಿನ ಮೊದಲ ಋತುವಿನಲ್ಲೇ ಎರಪಳ್ಳಿ ಪ್ರಸನ್ನ ಅವರ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಎದುರಿಸಿತು. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ತಂಡದ ಮೊತ್ತ 385. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಆದರೆ ನಾಯಕ ಅಜಿತ್ ವಾಡೇಕರ್ ಭದ್ರವಾಗಿ ಆಡುತ್ತಿದ್ದರು. ಅವರು ಓಡುವಾಗ ಕಾಲು ಜಾರಿ ರನ್ ಔಟ್ ಆದರು. ಮುಂಬೈ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸಿನ 78 ರನ್ ಮುನ್ನಡೆಯೇ ಪಂದ್ಯವನ್ನು ತೀರ್ಮಾನಿಸಿತು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ತಂದಿತು.

ಈ ಕತೆಯಲ್ಲಿ ನನ್ನನ್ನು ಕಾಡುವುದು ಅಜ್ಜನ 'ನಾವು'. ತೇರದಾಳ ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನದ್ದು. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು, 1956ರಲ್ಲಿ ಮೈಸೂರಿಗೆ. ಅಂದರೆ ಅಜ್ಜ ಹುಡುಗನಾಗಿದ್ದಾಗ ಮುಂಬೈಯೇ ಅವರ ರಾಜ್ಯ. ಊರು ಒಂದು ಹೆಜ್ಜೆಯೂ ಕದಲದೆ 'ನಾವು' ಮೂರು ಸಲ ಬದಲಾಗಿತ್ತು. ನಮ್ಮ ಪಕ್ಕದ ಮರಾಠಿಯಲ್ಲಿ ಎರಡು 'ನಾವು' ಇವೆ: ಕೇಳುವವನನ್ನು ಸೇರಿಸಿಕೊಂಡರೆ 'ಆಪಣ್', ಅವನನ್ನು ಹೊರಗಿಟ್ಟರೆ 'ಆಮ್ಹಿ'. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ನಾವು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ತಾನು ಮಾಡದ್ದನ್ನು 'ನಾವು ಮಾಡಿದೆವು' ಎನ್ನುವುದು ಸುಳ್ಳಲ್ಲವೇ ಎಂದು ಕೇಳಬಹುದು. ನನಗೆ ಹಾಗನಿಸುವುದಿಲ್ಲ. ಯಾರೋ ಹಾಕಿದ ಗಿಡದ ನೆರಳು, ಯಾರೋ ಕಟ್ಟಿದ ನುಡಿ, ಎಲ್ಲವೂ ನಮಗೆ ಬಂದದ್ದು ಹೀಗೆಯೇ. ತಾನೇ ಮಾಡಿದ್ದನ್ನು ಮಾತ್ರ ತನ್ನದೆನ್ನುವವನಿಗೆ ಊರೂ ಇಲ್ಲ, ಭಾಷೆಯೂ ಇಲ್ಲ. ಅಜ್ಜನ ಹೆಮ್ಮೆ ಎರವಲು ಇರಬಹುದು, ಕದ್ದದ್ದಲ್ಲ.

ಆದರೆ ಎರವಲು ತಂದವನಿಗೆ ಲೆಕ್ಕವೂ ಇರುತ್ತದೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಓಣಿಯ ಹಳೆಯ ಬಾವಿಯ ವಿಷಯ ಬಂತು. ಕೆಲವರಿಗೆ ಆ ಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಸೇದಿ ಹೊಯ್ಯಲಿ ಎಂದು ದೂರ ನಿಂತು ಕಾಯಬೇಕಿತ್ತು. ಅಜ್ಜನ ಯೌವನದಲ್ಲೂ ಅದು ನಡೆಯುತ್ತಿತ್ತು. ಕೇಳಿದೆ. ಅಜ್ಜ ಎಲೆಗೆ ಸುಣ್ಣ ಸವರುತ್ತ, "ಆಗಿನ ಮಂದಿ ಹಂಗ ಮಾಡತಿದ್ರಪಾ" ಅಂದರು.

ಐನೂರು ಕಿಲೋಮೀಟರ್ ಆಚೆ, ಕಣ್ಣಾರೆ ಕಾಣದ ಮೈದಾನದಲ್ಲಿ ಗೆದ್ದವರು 'ನಾವು'. ಮನೆಯಿಂದ ಇಪ್ಪತ್ತು ಹೆಜ್ಜೆ ದೂರದ ಬಾವಿಯಲ್ಲಿ ನೀರು ಕೊಡದವರು 'ಆಗಿನ ಮಂದಿ'.

ಅಜ್ಜ ಕೆಟ್ಟವರಲ್ಲ, ಈ ವ್ಯಾಕರಣ ಅವರೊಬ್ಬರದೂ ಅಲ್ಲ. ಕೀರ್ತಿಗೆ 'ನಾವು', ಕಳಂಕಕ್ಕೆ 'ಅವರು' ಎನ್ನುವುದು ನಾಡುಗಳ, ಜಾತಿಗಳ, ಪಕ್ಷಗಳ ಮಾತಿನಲ್ಲೆಲ್ಲ ಇದೆ. ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ 1946ರಲ್ಲಿ ತನ್ನ ಜನರ ಮುಂದೆ ಇಂಥದೇ ಪ್ರಶ್ನೆ ಇಟ್ಟು, ಅಪರಾಧವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಕಾನೂನಿನ ಶಿಕ್ಷೆ ಅಪರಾಧ ಮಾಡಿದವನಿಗೆ ಮಾತ್ರ. ಆದರೆ ರಾಜ್ಯವೊಂದರ ಸದಸ್ಯರಾದವರಿಗೆ ಅದರ ಕೃತ್ಯಗಳ ಹೊಣೆ ಇದ್ದೇ ಇದೆ. ಅಪರಾಧ ಬೇರೆ, ಹೊಣೆ ಬೇರೆ. ಅಜ್ಜ ಅಪರಾಧಿ ಎಂದು ನಾನು ಹೇಳುತ್ತಿಲ್ಲ. ಗೆಲುವಿಗೆ ತೆರೆದ ಬಾಗಿಲನ್ನು ಹೊಣೆಗೆ ಮುಚ್ಚಬಾರದು ಎನ್ನುತ್ತಿದ್ದೇನೆ, ಅಷ್ಟೇ.

ಅದೇ ಗೆಲುವಿನೊಳಗೂ ಈ ಪಾಠ ಇದೆ. 162 ರನ್ ನಮ್ಮದಾದರೆ ವಾಡೇಕರ್ ಜಾರಿದ್ದೂ ನಮ್ಮ ಗೆಲುವಿನ ಭಾಗ. ಅಜ್ಜನ ಕತೆಯಲ್ಲಿ ಆ ಜಾರಿಕೆ ಎಂದೂ ಬರುವುದಿಲ್ಲ. ವಿಶ್ವನಾಥ್ ಅವರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. 1980ರಲ್ಲಿ ಮುಂಬೈಯಲ್ಲೇ ಭಾರತದ ನಾಯಕರಾಗಿ ಅವರು, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಮರಳಿ ಕರೆದರು; ಚೆಂಡು ಬ್ಯಾಟಿಗೆ ತಗುಲಿಲ್ಲ ಎನಿಸಿತ್ತು. ತೀರ್ಪು ತಮ್ಮದಲ್ಲದಿದ್ದರೂ ಅದರ ಲಾಭ ತಮ್ಮ ತಂಡಕ್ಕೇ ಬರುವುದಿತ್ತು. ಟೇಲರ್, ಬಾಥಮ್ ಜೊತೆಗೂಡಿ 171 ರನ್ ಸೇರಿಸಿದರು. ಭಾರತ ಸೋತಿತು. 'ನಾವು' ಅನ್ನುವುದಕ್ಕೆ ಬೆಲೆ ತೆರುವುದೆಂದರೆ ಇದು.

ಅಜ್ಜನಿಗೆ ಇದನ್ನೆಲ್ಲ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ನನ್ನ ಮಾತನ್ನು ಮಾತ್ರ ತಿದ್ದಿಕೊಂಡಿದ್ದೇನೆ. ಮೊನ್ನೆ ಮನೆಯಲ್ಲಿ ಬಾವಿಯ ಮಾತು ಮತ್ತೆ ಬಂದಾಗ "ನಾವು ಅವರಿಗೆ ನೀರು ಸೇದಗೊಡಲಿಲ್ಲ" ಅಂದೆ. "ನೀ ಎಲ್ಲಿದ್ದಿ? ಆಗ ಹುಟ್ಟೇ ಇರಲಿಲ್ಲ" ಎಂದು ಕಾಕಾ ನಕ್ಕರು.

ನಿಜ. 1974ರಲ್ಲೂ ನಾನು ಹುಟ್ಟಿರಲಿಲ್ಲ. ಆ ಗೆಲುವನ್ನು ನಮ್ಮದು ಎಂದಾಗ ಯಾರೂ ನನ್ನ ಹುಟ್ಟಿದ ವರ್ಷ ಕೇಳಿರಲಿಲ್ಲ.