ಮನಿ ಬಿತ್ತೋ, ಮನಿ ರೇಟು ಬಿತ್ತೋ?

2022ರ ಜನವರಿ. ಹಾವೇರಿಯಲ್ಲಿ ಗೆಳೆಯ ಮಾಸ್ತರರೊಬ್ಬರ ಮನೆಯ ಪಡಸಾಲೆಯಲ್ಲಿ ನಾವು ಏಳೆಂಟು ಜನ ಕೂತಿದ್ದೆವು. ಕೊರೊನಾದ ಮೂರನೆಯ ಅಲೆಯ ದಿನಗಳು. ಬ್ಯಾಡಗಿಯಿಂದ ಇಬ್ಬರು, ರಾಣೆಬೆನ್ನೂರಿನಿಂದ ಮೂವರು ಬಂದಿದ್ದರು. ಕಾಲೇಜು ಓದುವ ಹುಡುಗನೊಬ್ಬ ಪತ್ರಿಕೆ ಹಿಡಿದು ದೊಡ್ಡದಾಗಿ ಓದುತ್ತಿದ್ದ. ಆಸ್ತಿ ಕೊಳ್ಳುವವರು ಕಡಿಮೆಯಾಗಿದ್ದಾರೆ, ಅದಕ್ಕೆ ಸರ್ಕಾರ ಮಾರ್ಚ್ 31ರ ತನಕ ಮಾರ್ಗಸೂಚಿ ದರವನ್ನು ಶೇ. 10ರಷ್ಟು ಇಳಿಸಿದೆ ಎಂಬ ಸುದ್ದಿ. ಓದಿ ಮುಗಿಸಿ, "ಕೋಟಿ ಕೋಟಿ ರೂಪಾಯಿ ಮನಿಗೋಳು ಬಿದ್ದು ಹೋಗ್ಯಾವ ತಗೋರಿ," ಅಂತ ಚಪ್ಪಾಳೆ ಹೊಡೆದ. ಹುಡುಗ ಇದ್ದುದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಿದ್ದ. ಬಾಗಿಲ ಹತ್ತಿರ ಕಾಗದದ ಗಂಟು ಹಿಡಿದು ಕೂತಿದ್ದ ವರದಾ ದಂಡೆಯ ಹಳ್ಳಿಯ ಮುದುಕಿ ಗಾಬರಿಯಾಗಿ ಎದ್ದಳು. "ಯಪ್ಪಾ, ಮನಿ ಬಿದ್ದಾವ? ಒಳಗಿದ್ದ ಮಂದಿಗೇನೂ ಆಗಿಲ್ಲಲ್ಲೋ?"

ನಾವು ನಕ್ಕೆವು. ನಕ್ಕ ಮೇಲೆ ನಾಚಿಕೆಯಾಯಿತು. ಆಕೆಗೆ 'ಮನಿ ಬಿತ್ತು' ಅನ್ನುವ ಮಾತಿಗೆ ಒಂದೇ ಅರ್ಥ ಗೊತ್ತು. 2019ರ ಆಗಸ್ಟಿನಲ್ಲಿ ವರದೆ ಊರೊಳಗೆ ನುಗ್ಗಿದಾಗ ಆಕೆಯ ಮನೆ ಬಿದ್ದಿತ್ತು. ಜಂತಿ, ಗೋಡೆ, ಒಲೆ, ಜ್ವಾಳದ ಚೀಲ, ಗಂಡನ ಫೋಟೋ ಎಲ್ಲ ಒಂದೇ ರಾಡಿ. ಶಿಶುನಾಳದ ಶರೀಫಜ್ಜ ಇದೇ ಸೀಮೆಯವನು. ಸೋರುವ ಮಾಳಿಗೆಯ ಮೇಲೆ ಹಾಡು ಕಟ್ಟಿದ, ಅದಕ್ಕೆ ಪಂಡಿತರು ದೇಹ, ಆತ್ಮ ಅಂತ ಅರ್ಥ ಹೇಳುತ್ತ ಬಂದಿದ್ದಾರೆ. ಹೇಳಲಿ. ನಮ್ಮ ಕೇರಿಯಲ್ಲಿ ಮಾಳಿಗೆ ಸೋರುತ್ತದೆ ಎಂದರೆ ಮಾಳಿಗೆ ಸೋರುತ್ತದೆ, ಅಷ್ಟೆ.

ಆ ಮುದುಕಿಯ ಪ್ರಶ್ನೆಯನ್ನೇ ಹಿಡಿದು ನಾವು ಅವತ್ತು ಸಂಜೆಯವರೆಗೆ ಜಗಳಾಡಿದೆವು. ಉಳ್ಳವರ ಮನೆಗಳ ಬೆಲೆ ಬಿದ್ದರೆ ನಾವು ಖುಷಿಪಡಬೇಕೋ, ಮರುಗಬೇಕೋ, ಸುಮ್ಮನಿರಬೇಕೋ? ಇದು ಅರ್ಥಶಾಸ್ತ್ರದ ಪ್ರಶ್ನೆ ಅಂತ ಒಬ್ಬರು ಕೈ ತೊಳೆದುಕೊಳ್ಳಲು ನೋಡಿದರು. ನಮಗೆ ಹಾಗೆ ಅನ್ನಿಸಲಿಲ್ಲ. ಯಾರ ನಷ್ಟವನ್ನು ನಷ್ಟ ಅಂತ ಲೆಕ್ಕಕ್ಕೆ ಹಿಡಿಯುತ್ತೇವೆ ಅನ್ನುವುದು ನೀತಿಯ ಪ್ರಶ್ನೆ.

ಮೊದಲು ಬಿದ್ದದ್ದೇನು ಅಂತ ನೋಡೋಣ. ಒಂದು ಕೋಟಿಗೆ ಕೊಂಡ ಮನೆಯ ಬೆಲೆ ಎಂಬತ್ತು ಲಕ್ಷಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ಅದೇ ನಲ್ಲಿಯಲ್ಲಿ ಅದೇ ನೀರು. ಅದೇ ಕಿಟಕಿ, ಅದೇ ಗಾಳಿ. ಅಡಿಗೆ ಮನೆಯ ಕಟ್ಟೆ ಒಂದಿಂಚೂ ಕುಸಿದಿಲ್ಲ. ಹೋದದ್ದು ನಾಳೆ ಇನ್ನೊಬ್ಬ ಬಂದು ಇನ್ನೂ ಹೆಚ್ಚು ಕೊಟ್ಟಾನು ಎಂಬ ಆಸೆ. ವರದೆಯ ದಂಡೆಯಲ್ಲಿ ಮನೆ ಬಿದ್ದಾಗ ಮಾತ್ರ ಎಂಜಿನಿಯರರು ಟೇಪು ಹಿಡಿದು ಬಂದರು. ಪೂರಾ ಬಿದ್ದಿದ್ದರೆ 'ಎ', ಅರ್ಧ ಬಿದ್ದಿದ್ದರೆ 'ಬಿ', ಸ್ವಲ್ಪ ಬಿದ್ದಿದ್ದರೆ 'ಸಿ'. 'ಎ'ಗೆ 5 ಲಕ್ಷ, 'ಸಿ'ಗೆ 50 ಸಾವಿರ. ಒಂದು ಗೋಡೆ ನಿಂತಿದೆ ಅನ್ನುವ ಕಾರಣಕ್ಕೆ ಅಕ್ಷರ ಬದಲಾಯಿತು. ನಿಂತ ಗೋಡೆಯನ್ನು ತಾವೇ ನೂಕಿಬಿಡಬೇಕಿತ್ತು ಅಂತ ಹಲುಬಿದವರನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಅದೇ 2019ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟ ಅರ್ಧಕ್ಕೆ ನಿಂತ ವಸತಿ ಯೋಜನೆಗಳನ್ನು ಮುಗಿಸಲು 25 ಸಾವಿರ ಕೋಟಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 10 ಸಾವಿರ ಕೋಟಿ ಸರ್ಕಾರದ್ದು. ಪೂರ್ತಿ ದುಡ್ಡು ಕಟ್ಟಿ ಮನೆ ಸಿಗದೆ, ಬಾಡಿಗೆಯನ್ನೂ ಬ್ಯಾಂಕಿನ ಕಂತನ್ನೂ ಒಟ್ಟಿಗೆ ತುಂಬುತ್ತಿದ್ದ ನೌಕರದಾರರು ಅದರ ಹಿಂದೆ ಇದ್ದರು, ಅವರ ಸಂಕಟ ಸುಳ್ಳಲ್ಲ. ಆದರೆ ಮಧ್ಯಮ ವರ್ಗದ ಮನೆ ಅಂದರೆ ಎಷ್ಟರದ್ದು ಅಂತ ಅಲ್ಲಿ ಬರೆದದ್ದನ್ನು ಓದಬೇಕು. ಮುಂಬಯಿಯಲ್ಲಿ 2 ಕೋಟಿಯವರೆಗೆ, ಬೆಂಗಳೂರಿನಲ್ಲಿ ಒಂದೂವರೆ ಕೋಟಿಯವರೆಗೆ! ನಮ್ಮ ಕಡೆ ಹಳ್ಳಿಯಲ್ಲಿ ಪ್ರಧಾನಮಂತ್ರಿ ಆವಾಸ್ ಮನೆಗೆ ಗೊತ್ತುಮಾಡಿದ್ದು 1 ಲಕ್ಷ 20 ಸಾವಿರ. ಒಂದೇ ದೇಶ, ಒಂದೇ ಖಜಾನೆ. 'ಮನೆ' ಅನ್ನುವ ಶಬ್ದವೂ ಒಂದೇ.

ಇಷ್ಟು ಕೇಳಿದ ಮೇಲೆ ಹುಡುಗನ ಚಪ್ಪಾಳೆ ಸರಿ ಅನ್ನಿಸುತ್ತದೆ. ಬೀಳಲಿ ಮಗಂದು, ಅನ್ನಿಸುತ್ತದೆ. ನಾವೂ ಹಾಗೇ ಅಂದುಕೊಂಡವರು. ಆದರೆ ಬ್ಯಾಡಗಿಯಿಂದ ಬಂದ ಗೆಳೆಯ ಕೇಳಿದ: "ಆ ಮನಿ ಕಟ್ಟಾವ್ರು ಯಾರೋ?" ಗೌಂಡಿ ಕೆಲಸ, ಕಲ್ಲು ಒಡೆಯುವುದು, ಕಾಂಕ್ರೀಟು ಹೊರುವುದು, ಸೆಂಟ್ರಿಂಗು, ಎಲ್ಲ ನಮ್ಮವರೇ. ಹಾವೇರಿ, ಗದಗ, ಕೊಪ್ಪಳ, ರಾಯಚೂರಿನಿಂದ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋದವರು. 2016ರ ನವೆಂಬರ್ 8ರಂದು ನೋಟು ರದ್ದಾದಾಗ ಮೊದಲು ನಿಂತದ್ದು ಇವರ ವಾರದ ಬಟವಾಡೆ. 2020ರ ಮಾರ್ಚಿನಲ್ಲಿ ತಗಡಿನ ಶೆಡ್ಡು ಬಿಟ್ಟು ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೆದ್ದಾರಿ ಹಿಡಿದು ನಡೆದು ಬಂದವರೂ ಇವರೇ. ಮನೆಯ ಬೆಲೆ ಇಳಿದರೆ ಬಿಲ್ಡರು ಹೊಸ ಪಾಯ ತೆಗೆಯುವುದಿಲ್ಲ. ಪಾಯ ತೆಗೆಯದಿದ್ದರೆ ನಮ್ಮ ಕೇರಿಯ ಒಲೆ ಹತ್ತುವುದಿಲ್ಲ. ಬೆಲೆ ಏರಿದಾಗ ನಮ್ಮ ಕೈಯಿಂದ ನೆಲ ಹೋಯಿತು, ಇಳಿದಾಗ ಕೂಲಿ ಹೋಯಿತು. ಚಪ್ಪಾಳೆ ಹೊಡೆಯಲು ಕೈ ಎಲ್ಲಿದೆ?

ನೆಲ ಹೋದದ್ದು ಹೇಗೆ ಅಂತ ಹಾವೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಸಾಹೇಬರು ಬಂದರು, ಬೆನ್ನಿಗೇ ಪ್ಲಾಟಿನ ಏಜೆಂಟರು ಬಂದರು. ಶೇಂಗಾ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟರು. ಪುಣೆ-ಬೆಂಗಳೂರು ರಸ್ತೆ ಅಗಲವಾದ ಮೇಲೆ ರಾಣೆಬೆನ್ನೂರಿನಲ್ಲೂ ಇದೇ ಕತೆ. ಬಡವರ ಹೊಲ ಮೊದಲು ಹೋಯಿತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಮಾರಿದರೆ ಅದು ಅಸಿಂಧು, ಜಮೀನು ವಾಪಸು ಬರಬೇಕು ಅಂತ ರಾಜ್ಯದಲ್ಲಿ 1978ರ ಕಾಯ್ದೆ ಇದೆ. ಆದರೂ ಹೋಯಿತು. ಹಿಂದಕ್ಕೆ ಕೇಳಲು ಹೋದವರಿಗೆ, ಬಹಳ ತಡವಾಗಿ ಬಂದಿರಿ ಅಂದರು. ಇಂಥ ಅರ್ಜಿ ಸಕಾಲದಲ್ಲಿ ಬರಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದ ಮೇಲೆ ಎಷ್ಟೋ ಕೇಸುಗಳು ಬಿದ್ದವು. ಕಾಲಮಿತಿ ಇಲ್ಲ ಎಂದು ಕಾಯ್ದೆಗೆ ತಿದ್ದುಪಡಿ ಆದದ್ದು 2023ರಲ್ಲಿ. ಅಷ್ಟರೊಳಗೆ ಹೊಲದ ಮೇಲೆ ಮೂರಂತಸ್ತಿನ ಮನೆ ಎದ್ದಿರುತ್ತದೆ, ಹೊಲದ ಮಾಲೀಕ ಅದೇ ಮನೆಯ ಗೇಟು ಕಾಯುತ್ತಿರುತ್ತಾನೆ.

ಸವಣೂರಿನದನ್ನು ಮರೆಯುವುದು ಹೇಗೆ? ನಮ್ಮ ಜಿಲ್ಲೆಯದೇ ಊರು. ದಶಕಗಳಿಂದ ಊರಿನ ಮಲ ಹೊತ್ತ ಭಂಗಿ ಕುಟುಂಬಗಳು ವಾಸವಿದ್ದ ಜಾಗಕ್ಕೆ ಬೆಲೆ ಬಂತು. ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕು, ನೀವು ಏಳಿ ಅಂದರು. 2010ರ ಜುಲೈ 20ರಂದು ಪುರಸಭೆ ಕಚೇರಿಯ ಮುಂದೆ ಅವರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ನಾಡಿನ ಪತ್ರಿಕೆಗಳೆಲ್ಲ ಮೂಗು ಮುಚ್ಚಿಕೊಂಡು ಬರೆದವು. ಜಾಗದ ಬೆಲೆ ಏರುವುದು ಅಂದರೆ ಏನು ಅಂತ ಮೈಮೇಲೆ ಬರೆದು ತೋರಿಸಿದವರು ಅವರು.

ಹುಡುಗ ಬಿಡಲಿಲ್ಲ. "ಸರಿ, ಆದ್ರೂ ರೇಟು ಇಳಿದ್ರ ನಮ್ಮಂಥಾವ್ರಿಗೂ ಒಂದು ಮನಿ ಸಿಗಬಹುದಲ್ಲ?" ಅಂದ. ಒಳ್ಳೆಯ ಪ್ರಶ್ನೆ. ಬೆಲೆ ಇಳಿದರೆ ಬಾಗಿಲು ತೆರೆಯುತ್ತದೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. 2011ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲಿ 1 ಕೋಟಿ 10 ಲಕ್ಷ ಮನೆಗಳು ಖಾಲಿ ಇದ್ದವು. ಮರುವರ್ಷ ಸರ್ಕಾರದ್ದೇ ತಜ್ಞರ ತಂಡ ಪಟ್ಟಣಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆ ಇದೆ ಅಂತ ಲೆಕ್ಕ ಕೊಟ್ಟಿತು. ಕೊರತೆಯೆಲ್ಲ ಹೆಚ್ಚುಕಡಿಮೆ ಬಡವರದ್ದೇ. ಖಾಲಿ ಮನೆಯೂ ಇದೆ, ಮನೆ ಇಲ್ಲದವನೂ ಇದ್ದಾನೆ, ಇಬ್ಬರ ನಡುವೆ ಬೀಗ ಇದೆ.

ಬೀಗಕ್ಕೆ ಎರಡು ಕೀಲಿ. ಒಂದು ದುಡ್ಡು. ಇನ್ನೊಂದನ್ನು ಪುಸ್ತಕದವರು ಬರೆಯುವುದಿಲ್ಲ. ನಮ್ಮ ಗೆಳೆಯ ಮಾಸ್ತರ ಈ ಜಿಲ್ಲೆಗೆ ವರ್ಗವಾಗಿ ಬಂದಾಗ ಬಾಡಿಗೆ ಮನೆ ಹುಡುಕಿದ. 'ಮನೆ ಬಾಡಿಗೆಗೆ ಇದೆ' ಬೋರ್ಡು ಆರು ತಿಂಗಳಿಂದ ನೇತಾಡುತ್ತಿತ್ತು. ಮಾಲೀಕರು ಚಹಾ ಕೊಟ್ಟರು, ಬಾಡಿಗೆಯಲ್ಲಿ ಐದುನೂರು ಬಿಟ್ಟರು, ಕೊನೆಗೆ ಕೇಳಿದರು: "ಅಂದಂಗ, ನೀವು ಯಾವ ಪೈಕಿ?" ಹೇಳಿದ. "ನಮ್ಮ ಅಣ್ಣನ ಮಗ ಬರಾವ ಅದಾನ್ರಿ," ಅಂದರು. ಅಣ್ಣನ ಮಗ ಬರಲಿಲ್ಲ. ಬೋರ್ಡು ಮತ್ತೆ ಆರು ತಿಂಗಳು ನೇತಾಡಿತು. 1917ರಲ್ಲಿ ಬರೋಡೆಯಲ್ಲಿ ಬಾಬಾಸಾಹೇಬರಿಗೆ ಆದದ್ದೂ ಇದೇ. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದಿದ್ದರು, ಸಂಬಳವಿತ್ತು, ಬಾಡಿಗೆ ಕೊಡುವ ಶಕ್ತಿಯಿತ್ತು. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಹಾಕಿದರು, ಸ್ನೇಹಿತರೂ ಜಾಗ ಕೊಡಲಿಲ್ಲ, ಉದ್ಯಾನದಲ್ಲಿ ಕೂತು ಅತ್ತು ಮುಂಬಯಿಗೆ ಹಿಂದಿರುಗಿದರು. ಬೆಲೆ ನೂರು ಸಲ ಏರಿದೆ, ನೂರು ಸಲ ಇಳಿದಿದೆ. 'ಯಾವ ಪೈಕಿ' ಎಂಬ ಪ್ರಶ್ನೆ ಒಮ್ಮೆಯೂ ಇಳಿದಿಲ್ಲ.

ಇಲ್ಲಿ ನಮ್ಮ ಒಳಗಿನದೊಂದು ಮಾತು ಹೇಳಬೇಕು, ಇದುವರೆಗೆ ತಪ್ಪಿಸಿಕೊಂಡು ಬಂದಿದ್ದೇವೆ. ನಮ್ಮವನೇ ಒಬ್ಬ, ನೌಕರಿ ಹಿಡಿದು, ಸಾಲ ತೆಗೆದು, ರಾಣೆಬೆನ್ನೂರಿನಲ್ಲಿ ಪ್ಲಾಟು ಕೊಂಡು ಮನೆ ಕಟ್ಟಿಸಿದ. ಆಮೇಲೆ ಸಭೆಗಳಿಗೆ ಬರುವುದು ಬಿಟ್ಟ. ನಾವು ಅವನನ್ನು 'ಆರ್‌ಸಿಸಿ ಬ್ರಾಹ್ಮಣ' ಅಂತ ಆಡಿಕೊಂಡೆವು. ತಂದೆಗೆ ಕಾಯಿಲೆಯಾಗಿ ಮನೆ ಮಾರಬೇಕಾಗಿ ಬಂದಾಗ ಪೇಟೆ ಬಿದ್ದಿತ್ತು. ಗಿರಾಕಿ ಬಂದರು, ಮನೆ ಮೆಚ್ಚಿದರು. ಉತಾರ ನೋಡಿದ ಮೇಲೆ, ಅಕ್ಕಪಕ್ಕ ವಿಚಾರಿಸಿದ ಮೇಲೆ, ದನಿ ಬದಲಾಯಿತು. ಹೊಸ್ತಿಲು ಕೀಳಿಸಬೇಕು, ದೇವರ ಮನಿ ಒಡೆದು ಕಟ್ಟಬೇಕು, ಶಾಂತಿ ಮಾಡಿಸಬೇಕು ಅಂತ ಲೆಕ್ಕ ಹಾಕಿ ಮೂರು ಲಕ್ಷ ಕಡಿಮೆ ಕೇಳಿದರು. ಪೇಟೆ ಇಳಿದದ್ದರ ಮೇಲೆ ಜಾತಿಯ ವಟಾವು ಬೇರೆ. ಅವನು ಸಹಿ ಹಾಕಿದ. ಅವನ ಮನೆ ಅವನಿಗೆ ಲಾಭದ ಸರಕು ಆಗಿರಲಿಲ್ಲ. ಕೇರಿಯಿಂದ ಆಚೆ ಒಂದು ಓಣಿಯಲ್ಲಿ ತನ್ನ ಮಕ್ಕಳು ಆಡಬಹುದು ಅನ್ನುವುದಕ್ಕೆ ಸಾಕ್ಷಿ ಆಗಿತ್ತು. ಅವನ ನಷ್ಟಕ್ಕೂ ನಾವು ಚಪ್ಪಾಳೆ ಹೊಡೆಯೋಣವೇ? ಅವನನ್ನು ಆಡಿಕೊಂಡ ನಾಲಿಗೆ ನಮ್ಮದೇ. ಅದಕ್ಕೆ ಉತ್ತರ ನಮ್ಮ ಬಳಿ ಇವತ್ತಿಗೂ ಇಲ್ಲ.

ಹಾಗಾದರೆ ನಷ್ಟವನ್ನು ಅಳೆಯುವುದು ಹೇಗೆ? ಎಷ್ಟು ರೂಪಾಯಿ ಹೋಯಿತು ಅನ್ನುವುದರಿಂದ ಆಗದು. ಎಷ್ಟು ದಿನ ತಡಕೊಳ್ಳಬಲ್ಲ ಅನ್ನುವುದರಿಂದ ಅಳೆಯಬೇಕು ಅಂತ ನಮಗೆ ತೋರುತ್ತದೆ. ಇದನ್ನು ನಮಗೆ ಕಲಿಸಿದ್ದು ಬ್ಯಾಡಗಿ ಪೇಟೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದದ್ದು ನೋಡಿ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ನಾವು ಹೇಳುವುದಿಲ್ಲ. ಬಳ್ಳಾರಿ, ರಾಯಚೂರು, ಆಂಧ್ರದಿಂದ ಲಾರಿ ಬಾಡಿಗೆ ಕೊಟ್ಟು ತಂದ ಮಾಲು ಅದು. ವಾಪಸು ಒಯ್ದರೆ ಮತ್ತೆ ಬಾಡಿಗೆ. ಇಟ್ಟರೆ ಬಣ್ಣ ಹೋಗುತ್ತದೆ, ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ. ಶೀತಲಗೃಹಕ್ಕೆ ಬಾಡಿಗೆ ಕಟ್ಟಿ ಕಾಯುವವನು ಇದೇ ಕಾಯಿಯನ್ನು ಇಂದು ಕೊಂಡು ಮಳೆಗಾಲದಲ್ಲಿ ಮಾರುತ್ತಾನೆ. ಬೆಲೆ ಬಿದ್ದದ್ದು ಇಬ್ಬರಿಗೂ ಒಂದೇ ದಿನ. ಕಾಯುವ ತಾಕತ್ತು ಇದ್ದವನಿಗೆ ಅದು ಖರೀದಿಯ ಹಂಗಾಮು. ಇನ್ನು ತುಂಬು ಬಿಡಿಸುವ ಹೆಣ್ಣುಮಕ್ಕಳ ದಿನದ ಕೂಲಿಯನ್ನು ಯಾವ ಶೀತಲಗೃಹದಲ್ಲಿ ಇಡುತ್ತೀರಿ? ಇವತ್ತು ಮಾರಾಟವಾಗದ ಕೈಕೆಲಸ ನಾಳೆಗೆ ಉಳಿಯುವುದಿಲ್ಲ.

ದುಬಾರಿ ಮನೆ ಮಾತ್ರ ಕಾಯುತ್ತದೆ. ಬೀಗ ಹಾಕಿಕೊಂಡು ಹತ್ತು ವರ್ಷ ಕಾಯುತ್ತದೆ. ಅದು ಕಾಯುವ ಖರ್ಚನ್ನು ಸರ್ಕಾರ ಹೊರುತ್ತದೆ. 2008 ನೆನಪು ಮಾಡಿಕೊಳ್ಳಿ. ಆ ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಮನೆ ಸಾಲದ ಗುಳ್ಳೆ ಒಡೆದು ಲೆಹ್ಮನ್ ಬ್ರದರ್ಸ್ ದಿವಾಳಿ ಎದ್ದಿತು, ಮೂರು ವಾರದೊಳಗೆ ಅಲ್ಲಿಯ ಸರ್ಕಾರ ಬ್ಯಾಂಕುಗಳನ್ನು ಹಿಡಿದೆತ್ತಲು 70 ಸಾವಿರ ಕೋಟಿ ಡಾಲರಿನ ಕಾಯ್ದೆ ಮಾಡಿತು. ಡಿಸೆಂಬರಿನಲ್ಲಿ ನಮ್ಮ ರಿಸರ್ವ್ ಬ್ಯಾಂಕೂ ಕಟ್ಟಡ ಉದ್ಯಮದ ಸಾಲಗಳಿಗೆ ಸಡಿಲಿಕೆ ಕೊಟ್ಟಿತು. ಅದೇ 2008ರ ಜೂನ್ 10ರಂದು ಹಾವೇರಿಯಲ್ಲಿ ಬಿತ್ತನೆ ಹೊತ್ತಿಗೆ ಗೊಬ್ಬರ ಕೊಡಿ ಅಂತ ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರ ಜೀವ ಹೋಯಿತು. ಹೊಸ ಸರ್ಕಾರ ಬಂದು ಎರಡು ವಾರವೂ ಆಗಿರಲಿಲ್ಲ. ಬಿತ್ತನೆಗೆ ಬೇಕಾದದ್ದು ವಾರದೊಳಗಿನ ಒಂದೆರಡು ಚೀಲ. ಆ ರೈತರಿಗೆ ಕಾಯುವ ಪುರಸೊತ್ತು ಇರಲಿಲ್ಲ, ಮುಗಿಲಿಗೂ ಇರಲಿಲ್ಲ.

ಅವತ್ತು ಜನವರಿಯಲ್ಲಿ ಇಷ್ಟೆಲ್ಲ ಮಾತು ನಮಗೆ ಹೊಳೆದಿರಲಿಲ್ಲ. ಚಹಾ ಎರಡು ಸುತ್ತು ಆಗಿತ್ತು. ಹುಡುಗ ಪತ್ರಿಕೆ ಮಡಚಿಟ್ಟಿದ್ದ. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, "ರೇಟು ಬಿದ್ರ ಎಬ್ಬಸಾಕ ಸರಕಾರ ಬರ್ತೈತೇನಪಾ?" ಅಂತ ಒಮ್ಮೆ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆಕೆ ಗಂಟು ಬಿಚ್ಚಿದಳು. ಆಕೆಯ ಹೊಸ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತ್ತು. ಮುಂದಿನ ಕಂತು ಬರಬೇಕಾದರೆ ಮೊಬೈಲಿನಲ್ಲಿ ಮನೆಯ ಫೋಟೋ ಹೊಡೆದು ಏರಿಸಬೇಕು, ಅದಕ್ಕೆ ಪಂಚಾಯಿತಿಯಿಂದ ಯಾರೂ ಬಂದಿರಲಿಲ್ಲ. ಸಿಮೆಂಟಿನ ಅಂಗಡಿಯ ಉದ್ರಿ ಬೇರೆ ಇತ್ತು. ಮಾಸ್ತರ ಪೆನ್ನು ಹುಡುಕಿದ. ಹುಡುಗ ಪತ್ರಿಕೆಯನ್ನು ಮಡಿಲ ಮೇಲೆ ಹಲಗೆಯ ಹಾಗೆ ಇಟ್ಟುಕೊಂಡು, ಅದರ ಮೇಲೆ ಹಾಳೆ ಹಾಕಿ, ಅರ್ಜಿ ಬರೆಯಲು ಕೂತ. "ಹೆಸರು ಹೇಳಬೇ, ಊರು ಹೇಳು, ಮನಿ ಯಾವಾಗ ಬಿತ್ತು ಹೇಳು," ಅಂದ.