ದೊರೆತನವೋ, ಮನೆವಾರ್ತೆಯೋ

ಸುವಾರ್ತಾ ಕ್ರೈಸ್ತರು ಪ್ರೊಟೆಸ್ಟಂಟ್ ಪಂಥಗಳೊಳಗಿನ ಒಂದು ಧಾರೆ. ಬೈಬಲೇ ಕೊನೆಯ ಪ್ರಮಾಣ, ಮನುಷ್ಯ ಒಬ್ಬೊಬ್ಬನಾಗಿ ದೇವರ ಕಡೆ ತಿರುಗಬೇಕು, ಶಿಲುಬೆಯಿಂದ ದೊರೆತ ಬಿಡುಗಡೆಯನ್ನು ಎಲ್ಲರಿಗೂ ಸಾರಬೇಕು ಎಂಬ ಮಾತುಗಳಲ್ಲಿ ಅವರು ರಾಜಿಯಾಗುವುದಿಲ್ಲ. ಹಾಗಾಗಿ ಕೆರೆ, ಕಾಡು, ಗಾಳಿಯನ್ನು ಉಳಿಸುವುದು ಒಳ್ಳೆಯದು ಎಂದಷ್ಟೇ ಹೇಳಿದರೆ ಅವರಿಗೆ ಸಾಲದು. ಅದು ದೇವರ ವಾಕ್ಯದಲ್ಲಿ ಎಲ್ಲಿದೆ ಎಂದು ತೋರಿಸಬೇಕು.

ತೋರಿಸುವುದಕ್ಕೆ ಹೊರಟರೆ ಮೊದಲ ಪುಸ್ತಕದಲ್ಲೇ ಎರಡು ಬಗೆಯ ಮಾತು ಎದುರಾಗುತ್ತದೆ. ಆದಿಕಾಂಡದ 1ನೆಯ ಅಧ್ಯಾಯ ಮನುಷ್ಯನಿಗೆ ಮೀನು, ಹಕ್ಕಿ, ಪ್ರಾಣಿಗಳ ಮೇಲೆ ಅಧಿಕಾರ ಕೊಡುತ್ತದೆ; ಕನ್ನಡ ಬೈಬಲಿನಲ್ಲಿ ಅದು ‘ದೊರೆತನ’. 2ನೆಯ ಅಧ್ಯಾಯ ಅದೇ ಮನುಷ್ಯನನ್ನು ಒಂದು ತೋಟದಲ್ಲಿ ನಿಲ್ಲಿಸಿ ಉಳುವ ಮತ್ತು ಕಾಯುವ ಕೆಲಸ ವಹಿಸುತ್ತದೆ. ಇಲ್ಲಿರುವ ಹೀಬ್ರೂ ಕ್ರಿಯಾಪದ ‘ಶಾಮರ್’. ತಮ್ಮನನ್ನು ಕಾಯುವವನು ನಾನೋ ಎಂದು ಕಾಯಿನನು ದೇವರಿಗೆ ಎದುರಾಡುವಾಗ ಬಳಸುವುದೂ ಇದೇ ಪದ. ಕನ್ನಡದ ‘ಕಾಯು’ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಶಿರಾ ಸೀಮೆಯಲ್ಲಿ ಕುರಿ ಕಾಯುವವನು ಕುರಿಯ ಒಡೆಯನೇ ಆಗಿರಬೇಕೆಂದಿಲ್ಲ. ಆದರೆ ಸಂಜೆ ರೊಪ್ಪಕ್ಕೆ ಹೊಡೆಯುವಾಗ ಒಂದು ಮರಿ ಕಡಿಮೆಯಾದರೂ ಉತ್ತರ ಹೇಳಬೇಕಾದವನು ಅವನೇ. ಕ್ರೈಸ್ತರ ಮಾತಿನಲ್ಲಿ ಇಂಥವನು ‘ಮನೆವಾರ್ತೆಯವನು’: ಆಸ್ತಿ ಯಜಮಾನನದು, ನಡೆಸುವುದು ಇವನ ಪಾಲಿಗೆ, ಕೊನೆಗೆ ಲೆಕ್ಕ ಒಪ್ಪಿಸಬೇಕು. ದೊರೆತನವನ್ನು ಮನೆವಾರ್ತೆಯ ಬೆಳಕಿನಲ್ಲಿ ಓದಬೇಕೇ, ಮನೆವಾರ್ತೆಯನ್ನು ದೊರೆತನದ ಬೆಳಕಿನಲ್ಲೇ ಎಂಬುದರಲ್ಲಿ ಚರ್ಚೆಯ ತಿರುಳಿದೆ.

1967ರಲ್ಲಿ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಪಶ್ಚಿಮದ ಪರಿಸರ ಸಂಕಟದ ಬೇರನ್ನು ಈ ದೊರೆತನದ ಓದಿನಲ್ಲೇ ಕಂಡಿತು. ಸುವಾರ್ತಾ ಧಾರೆಯಿಂದ ಮೊದಲ ಗಟ್ಟಿ ಉತ್ತರ ಬಂದದ್ದು 1970ರಲ್ಲಿ, ಫ್ರಾನ್ಸಿಸ್ ಶೇಫರ್ ಅವರ ಪುಸ್ತಕದಿಂದ. 1994ರಲ್ಲಿ ಅಮೆರಿಕದ ಸುವಾರ್ತಾ ನಾಯಕರು ಸೃಷ್ಟಿಯ ಕಾಳಜಿ ಕುರಿತು ಘೋಷಣೆ ಹೊರಡಿಸಿದರು. 2000ದ ಕಾರ್ನ್‌ವಾಲ್ ಘೋಷಣೆ ಅದಕ್ಕೆ ಪ್ರತಿಯಾಗಿ ಮಾರುಕಟ್ಟೆಯ ಪರ ನಿಂತಿತು. ಸುವಾರ್ತಾ ಕ್ರೈಸ್ತರ 2010ರ ಕೇಪ್‌ಟೌನ್ ಸಮಾವೇಶ ಮತ್ತು 2012ರ ಜಮೈಕಾ ಸಭೆ ಸೃಷ್ಟಿಯ ಕಾಳಜಿಯನ್ನು ಸುವಾರ್ತೆಯ ಒಳಗಿನ ವಿಷಯವೆಂದೇ ಒಪ್ಪಿದವು. ಕಾಗದದ ಮೇಲೆ ತೀರ್ಮಾನವಾದದ್ದು ಹಳ್ಳಿಯ ಕ್ರೈಸ್ತ ಸಭೆಗೆ ಇಳಿಯಲು ಹೊತ್ತು ಹಿಡಿಯುತ್ತದೆ.

ಇಳಿಯದಿರುವುದಕ್ಕೆ ಒಂದು ಕಾರಣ ಅಂತ್ಯಕಾಲದ ಬೋಧನೆ. ಹೇಗಿದ್ದರೂ ಬೆಂಕಿಗೆ ಆಹುತಿಯಾಗುವ ಭೂಮಿಗೆ ಗಿಡ ನೆಟ್ಟು ಫಲವೇನು ಎಂದು ಕೇಳುವವರು ಪೇತ್ರನ 2ನೆಯ ಪತ್ರಿಕೆಯ 3ನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಆದರೆ ಸೈನಾಯ್ಟಿಕಸ್, ವ್ಯಾಟಿಕಾನಸ್ ಎಂಬ ಹಳೆಯ ಹಸ್ತಪ್ರತಿಗಳಲ್ಲಿ ಅಲ್ಲಿರುವ ಗ್ರೀಕ್ ಪದಕ್ಕೆ ಸುಟ್ಟುಹೋಗುವುದು ಎಂಬ ಅರ್ಥವಿಲ್ಲ. ಬಯಲಾಗುವುದು, ಕಂಡುಬರುವುದು ಎಂಬ ಅರ್ಥವಿದೆ. ಅಂದರೆ ಅಕ್ಕಸಾಲಿಗ ಚಿನ್ನವನ್ನು ಪುಟಕ್ಕಿಡುವ ಬೆಂಕಿ ಅದು. ಅದೇ ಅಧ್ಯಾಯ ನೋಹನ ಕಾಲದ ಪ್ರಳಯವನ್ನೂ ನೆನೆಯುತ್ತದೆ. ಆ ಪ್ರಳಯದಲ್ಲಿ ಲೋಕ ತೊಳೆದುಹೋದರೂ ನೆಲ ಉಳಿಯಿತು. ಭೂಮಿ ಹೇಗೂ ಹೋಗುತ್ತದೆ ಎಂಬ ವಾದ ಈ ಭಾಗದ ಮೇಲೆ ನಿಲ್ಲುವುದು ಕಷ್ಟ.

ಇನ್ನೊಂದು ಕಾರಣ ಈ ನಾಡಿಗೇ ಸೇರಿದ್ದು. ಬಯಲುಸೀಮೆಯಲ್ಲಿ ಅಶ್ವತ್ಥಕಟ್ಟೆಯ ಮರಕ್ಕೆ, ದೇವರಕಾಡಿನ ಮರಕ್ಕೆ ಕೊಡಲಿ ಹಾಕಲು ಜನ ಅಂಜುತ್ತಾರೆ. ಹೊಸದಾಗಿ ವಿಶ್ವಾಸಕ್ಕೆ ಬಂದವನಿಗೆ ಆ ಅಂಜಿಕೆ ಇರುವುದಿಲ್ಲ. ಮರಕ್ಕೆ ಕೈಮುಗಿಯುವುದು ವಿಗ್ರಹಾರಾಧನೆ ಎಂದೇ ಅವನು ಕಲಿತಿರುತ್ತಾನೆ. ಪರಿಸರದ ಮಾತೆತ್ತಿದರೆ ಹಳೆಯ ಪೂಜೆ ಹಿಂಬಾಗಿಲಿನಿಂದ ಬಂದೀತು ಎಂಬ ಶಂಕೆ ಬೋಧಕರಲ್ಲೂ ಇದೆ. ಭಯ ಹೋದ ಜಾಗದಲ್ಲಿ ಹೊಣೆ ಬಂದು ಕೂರದಿದ್ದರೆ ಮರದ ಪಾಲಿಗೆ ಉಳಿಯುವುದು ಕೊಡಲಿಯೇ. ದೇವಶಾಸ್ತ್ರದ ಪುಸ್ತಕಗಳು ಇದನ್ನು ಅಷ್ಟಾಗಿ ಗಮನಿಸಿಲ್ಲ. ಆದರೆ ಹಳೆಯ ಒಡಂಬಡಿಕೆಯಲ್ಲಿ ಪೂಜೆಯಿಲ್ಲದ ಕಟ್ಟಳೆ ಬೇಕಾದಷ್ಟಿದೆ: ಮುತ್ತಿಗೆ ಹಾಕಿದ ಊರಿನ ಹಣ್ಣಿನ ಮರ ಕಡಿಯಬಾರದು, ಗೂಡಿನ ಮರಿಗಳ ಜೊತೆ ತಾಯಿಹಕ್ಕಿಯನ್ನು ಹಿಡಿಯಬಾರದು, ಏಳನೆಯ ವರ್ಷ ಹೊಲಕ್ಕೆ ವಿರಾಮ ಕೊಡಬೇಕು.

ಕರ್ನಾಟಕದ ಮಿಷನ್ ಚರಿತ್ರೆ ಈ ವಿಷಯದಲ್ಲಿ ಎರಡು ಬಗೆಯದು. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸ ಆರಂಭಿಸಿದರು. ತುಮಕೂರು ಸೀಮೆಗೆ ಈ ಧಾರೆ ಬಂದದ್ದು ಹಾಗೆ. 1876–78ರ ಬರದಲ್ಲಿ ಮಿಷನ್ನುಗಳು ಅನಾಥ ಮಕ್ಕಳನ್ನು ಸಾಕಿದವು. ಅತ್ತ ಕರಾವಳಿಯಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಜಾತಿಯಿಂದ ಹೊರಬಿದ್ದ ವಿಶ್ವಾಸಿಗಳಿಗೆ ಅದು ಅನ್ನ ಕೊಟ್ಟಿತು. ಆದರೆ ಗೂಡು ಉರಿದದ್ದು ಕಾಡಿನ ಸೌದೆಯಿಂದ, ಹೆಂಚಾದದ್ದು ಹೊಳೆದಂಡೆಯ ಜೇಡಿಮಣ್ಣು. ದುಡಿಮೆಯನ್ನು ಪವಿತ್ರವೆಂದ ಮಿಷನ್ ಸೌದೆಯ ಲೆಕ್ಕವನ್ನು ಪಾಪಪುಣ್ಯದ ಖಾತೆಗೆ ಬರೆದುಕೊಳ್ಳಲಿಲ್ಲ. ಆ ಕಾಲದಲ್ಲಿ ಬರೆದುಕೊಂಡವರು ಬೇರೆ ಯಾರೂ ಹೆಚ್ಚಿರಲಿಲ್ಲ ಎಂಬುದೂ ನಿಜ.

ಲೆಕ್ಕ ಬರೆಯುವ ಕೆಲಸ ಬೆಂಗಳೂರಿನಲ್ಲಿ ತಡವಾಗಿ ಶುರುವಾಯಿತು. ಅಲ್ಲಿನ ದೇವಶಾಸ್ತ್ರಜ್ಞ ಕೆನ್ ಜ್ಞಾನಕನ್ ಪರಿಸರದ ದೇವಶಾಸ್ತ್ರ ಕುರಿತ ತಮ್ಮ ಪುಸ್ತಕವನ್ನು 1999ರಲ್ಲಿ ತಂದರು. 1983ರಲ್ಲಿ ಪೋರ್ಚುಗಲ್ಲಿನಲ್ಲಿ ಹುಟ್ಟಿದ ‘ಅ ರೋಶಾ’ ಎಂಬ ಕ್ರೈಸ್ತ ಪರಿಸರ ಸಂಸ್ಥೆಯ ಭಾರತ ಘಟಕ ಬನ್ನೇರುಘಟ್ಟದ ಅಂಚಿನಲ್ಲಿ ಆನೆ ಮತ್ತು ರೈತರ ಸಂಘರ್ಷದ ಮೇಲೆ ಕೆಲಸ ಮಾಡಿದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಆನೆ ಹೊಲಕ್ಕಿಳಿಯುವ ಊರಿನಲ್ಲಿ ಸೃಷ್ಟಿಯ ಪ್ರೀತಿಯನ್ನು ಬೋಧಿಸುವುದು ಸುಲಭದ ಕೆಲಸವಲ್ಲ; ಅದಕ್ಕೇ ಅದು ನಿಜವಾದ ಪರೀಕ್ಷೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ತೀರ ಕಡಿಮೆ. ಕಾಡುಮೃಗ ಉಳಿಸಿದ ಹೆಸರೂ ಇಲ್ಲಿ ಬೇರೆಯವರದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶವಿದೆ. ಶಿರಾ ಬಳಿಯ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಕಾಯುತ್ತಿರುವವರು ಊರಿನ ಜನವೇ. ತಾಯಿಹಕ್ಕಿಯ ಕಟ್ಟಳೆಯನ್ನು ಓದದವರು ಅದನ್ನು ಪಾಲಿಸುತ್ತಿರುವುದನ್ನು ಅದನ್ನು ಓದುವವರು ಒಮ್ಮೆ ಹೋಗಿ ನೋಡಬಹುದು.

ಈ ಸೀಮೆಯ ನಿಜವಾದ ಪ್ರಶ್ನೆ ನೀರಿನದು. ಶಿರಾ ತಾಲ್ಲೂಕಿನ ಹೋಬಳಿ ಹುಲಿಕುಂಟೆಯ ಹೆಸರಿನ ಕೊನೆಯಲ್ಲೇ ಒಂದು ಕುಂಟೆಯಿದೆ. ಕೆರೆಯ ಕಾಲದಲ್ಲಿ ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುತ್ತಿದ್ದವನು ನೀರುಗಂಟಿ. ನೀರು ಅವನದಲ್ಲ, ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು ಮಾತ್ರ ಅವನದು. ಮನೆವಾರ್ತೆಯವನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬಯಲುಸೀಮೆಯ ಬೋಧಕನಿಗೆ ಸಿಕ್ಕಲಾರದು. ಕೆರೆಗಳಲ್ಲಿ ಹೂಳು ತುಂಬಿ ಸೀಮೆಜಾಲಿ ಬೆಳೆದ ಮೇಲೆ ಕೊಳವೆಬಾವಿ ಬಂತು, ನೀರುಗಂಟಿ ಹೋದ. ಈಗ ಮೋಟಾರಿನ ಗುಂಡಿ ಒತ್ತುವವನೇ ದೊರೆ. ಆಳಕ್ಕಿಳಿದಷ್ಟೂ ಫ್ಲೋರೈಡ್ ಹೆಚ್ಚಿ, ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬಾವಿಗಳು ಪಾವಗಡದಲ್ಲಿ ಬೇಕಾದಷ್ಟಿವೆ. ಅಲ್ಲಿನ ಮಕ್ಕಳ ಹಲ್ಲಿನ ಕಂದುಗೆರೆ ಅದಕ್ಕೆ ಸಾಕ್ಷಿ. ಸುಗ್ಗಿ ಹಬ್ಬದ ಭಾನುವಾರ ಸಭೆಯ ಮುಂದೆ ಕುಂಬಳಕಾಯಿ, ರಾಗಿ ಮೂಟೆ, ಕಾಲು ಕಟ್ಟಿದ ಕೋಳಿ ತಂದಿಟ್ಟು ಆರಾಧನೆ ಮುಗಿದ ಮೇಲೆ ಹರಾಜು ಹಾಕುವ ಪದ್ಧತಿ ಕನ್ನಡ ಸಭೆಗಳಲ್ಲಿದೆ. ಬೆಳೆಗೆ ಸ್ತೋತ್ರ ಸಲ್ಲಿಸುವ ಆ ದಿನ ಬೆಳೆಗೆ ಎತ್ತಿದ ನೀರಿನ ಮಾತೂ ಬರಬೇಕು. ಜೂನ್ 5ರ ಪರಿಸರ ದಿನದ ಆಸುಪಾಸಿನಲ್ಲಿ ಒಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಆ ಲೆಕ್ಕ ತೀರುವುದಿಲ್ಲ.

ಹೊಣೆ ಎಲ್ಲರ ಮೇಲೂ ಒಂದೇ ತೂಕದ್ದಲ್ಲ. ಬಯಲುಸೀಮೆಯ ಹಳ್ಳಿ ಸಭೆಗಳಲ್ಲಿ ಹೆಚ್ಚಿನವರು ತುಂಡು ನೆಲದ, ಇಲ್ಲವೇ ನೆಲವೇ ಇಲ್ಲದ ದಲಿತ ಕುಟುಂಬದವರು. ಕೊಳವೆಬಾವಿ ಕೊರೆಸಿ ಭೂಮಿ ಬರಿದು ಮಾಡಿದವರಲ್ಲಿ ಅವರಿಲ್ಲ. ಯಾಜಕಕಾಂಡದ 25ನೆಯ ಅಧ್ಯಾಯ ನೆಲದ ವಿರಾಮವನ್ನೂ ಬಡವನ ಹಕ್ಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ; ಒಂದನ್ನು ಬಿಟ್ಟು ಇನ್ನೊಂದನ್ನು ಓದಲಾಗದು. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವ್ಯಾಟ್ ಸೌರ ಪಾರ್ಕ್ ನಿಂತಿದೆ. ಹೊಗೆಯಿಲ್ಲದ ಈ ವಿದ್ಯುತ್ತಿಗೆ ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಗೊತ್ತಾಯಿತು. ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಹೋಗುತ್ತಿದ್ದವರ ಹೆಸರಿನಲ್ಲಿ ಜಮೀನಿರಲಿಲ್ಲ, ಬಾಡಿಗೆಯೂ ಬರಲಿಲ್ಲ.